ಒಂದೇ ಕಾರು, ಮೂರು ಬೆಲೆ: ಒಂದು ಎಂಜಿಬಿ ಕ್ಲೇಮಿನ ಪೂರ್ತಿ ಲೆಕ್ಕ

ಕಾರು 1969ರ ಎಂಜಿಬಿ ರೋಡ್‌ಸ್ಟರ್, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ, ಗಟ್ಟಿ ಛಾವಣಿ ಇಲ್ಲದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಕ್ರೋಮ್ ಬಂಪರ್, ವೈರ್ ವೀಲ್, 1798 ಸಿಸಿ ಎಂಜಿನ್. ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಬಂದ ಹೊಸ ಕಾರೊಂದು ಅದರ ಎಡ ಮೂಲೆಗೆ ಗುದ್ದಿತು. ಎಂಜಿಬಿ ಓರೆಯಾಗಿ ಮುಂದಕ್ಕೆ ಜಾರಿ ಫುಟ್‌ಪಾತಿನ ಅಂಚಿಗೆ ಹೊಡೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ತಪ್ಪು ಯಾರದ್ದು ಅನ್ನೋದರಲ್ಲೂ ಜಗಳ ಇರಲಿಲ್ಲ, ಗುದ್ದಿದವರು ಅಲ್ಲೇ ಒಪ್ಪಿಕೊಂಡರು. ಹಾಗಿದ್ದೂ ಈ ಕ್ಲೇಮು ಮುಗಿಯಲು ತಿಂಗಳುಗಟ್ಟಲೆ ಹಿಡಿಯಿತು. ಒಂದು ಹಂತದಲ್ಲಂತೂ ಕಾರೇ ಕೈತಪ್ಪಿ ಹೋಗುವುದರಲ್ಲಿತ್ತು.

ಇಂಥ ಕ್ಲೇಮುಗಳಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನೆಲ್ಲ ಒಂದೇ ಕಾರಿನ ಮೇಲೆ ಕೂರಿಸಿ ಈ ಪ್ರಕರಣವನ್ನು ಕಟ್ಟಿದ್ದೇನೆ. ದುಡ್ಡನ್ನು ಯಾವ ದೇಶದ ನೋಟಿನಲ್ಲೂ ಹೇಳುವುದಿಲ್ಲ. ಪಾಲಿಸಿಯಲ್ಲಿ ಬರೆದಿದ್ದ ಬೆಲೆಯನ್ನು 100 ಅಂತ ಇಟ್ಟುಕೊಳ್ಳೋಣ. ಉಳಿದ ಅಂಕಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಸಾಕು. ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದರೂ ಲೆಕ್ಕದ ದಾರಿ ಹೆಚ್ಚುಕಡಿಮೆ ಇದೇ.

ಪಾಲಿಸಿಯಲ್ಲಿ ಏನಿತ್ತು

ಮಾಲೀಕರು ತೆಗೆದುಕೊಂಡಿದ್ದು ‘ಅಗ್ರೀಡ್ ವ್ಯಾಲ್ಯೂ’ ಪಾಲಿಸಿ. ಅಂದರೆ ಕಾರಿನ ಬೆಲೆ ಇಷ್ಟು ಅಂತ ಎರಡೂ ಕಡೆಯವರು ಮೊದಲೇ ಒಪ್ಪಿ ಬರೆದುಕೊಂಡಿರುತ್ತಾರೆ. ಕಾರು ಪೂರ್ತಿ ಹೋದರೆ ಆ ಮೊತ್ತ ಕೊಡಬೇಕು, ಆಮೇಲೆ ಚೌಕಾಸಿ ಇಲ್ಲ. ಮಾಮೂಲಿ ಕಾರಿನ ಪಾಲಿಸಿ ಹೀಗಲ್ಲ. ಅದರಲ್ಲಿ ಅಪಘಾತದ ದಿನ ಮಾರುಕಟ್ಟೆಯಲ್ಲಿ ಕಾರಿಗೆ ಏನು ಬೆಲೆಯೋ ಅದು, ಸವಕಳಿ ಕಳೆದು. ಇವೆರಡರ ನಡುವೆ ‘ಸ್ಟೇಟೆಡ್ ವ್ಯಾಲ್ಯೂ’ ಅಂತ ಇನ್ನೊಂದಿದೆ. ಅದರಲ್ಲೂ ಮಾಲೀಕರು ಒಂದು ಬೆಲೆ ಬರೆಸುತ್ತಾರೆ. ಆದರೆ ಸಾಮಾನ್ಯವಾಗಿ ಆ ಬೆಲೆ ಮತ್ತು ಮಾರುಕಟ್ಟೆ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಿಗುವುದು. ಹೆಸರು ಕೇಳಿದರೆ ಅಗ್ರೀಡ್ ವ್ಯಾಲ್ಯೂ ಥರಾನೇ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಹಳೆ ಕಾರಿನವರು ಜಾಸ್ತಿ ಮೋಸ ಹೋಗುವುದು ಇಲ್ಲೇ.

ಬೆಲೆಯನ್ನು ಮೊದಲೇ ಒಪ್ಪಿಕೊಳ್ಳುವ ಈ ಪದ್ಧತಿ ಕಾರಿಗಿಂತ ಹಳೆಯದು. ಹಡಗಿನ ವಿಮೆಯಲ್ಲಿ ಅದು ಬಹಳ ಹಿಂದಿನಿಂದ ಇದೆ. ಬ್ರಿಟನ್ನಿನ 1906ರ ಮರೀನ್ ಇನ್ಶೂರೆನ್ಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಮೋಸ ನಡೆದಿಲ್ಲದಿದ್ದರೆ, ಪಾಲಿಸಿಯಲ್ಲಿ ಬರೆದ ಬೆಲೆಯೇ ವಿಮೆ ಕೊಟ್ಟವರು ಮತ್ತು ಪಡೆದವರ ನಡುವೆ ಅಂತಿಮ. ಇನ್ನೊಂದು ತಮಾಷೆ ಅಂದರೆ, ಇವತ್ತು ಕ್ಲಾಸಿಕ್ ಕಾರಿನ ವಿಮೆಗೆ ಹೆಸರಾದ ಹ್ಯಾಗರ್ಟಿ ಕಂಪನಿ 1984ರಲ್ಲಿ ಶುರುವಾದದ್ದೂ ಮರದ ದೋಣಿಗಳಿಗೆ ವಿಮೆ ಕೊಡುತ್ತಾ.

‘ಕೊಟ್ಟವರು ಮತ್ತು ಪಡೆದವರ ನಡುವೆ’ ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಪ್ರಕರಣ ತಿರುಗುವುದೇ ಅದರ ಸುತ್ತ.

100 ಅಂತ ಬೆಲೆ ನಿಗದಿಯಾಗಿದ್ದು ನಾಲ್ಕು ವರ್ಷದ ಹಿಂದೆ. ಕಾರಿನ ಪುನಶ್ಚೇತನ ಪೂರ್ತಿ ಮುಗಿದದ್ದು ಅದರ ನಂತರ. ಅಪಘಾತದ ಹೊತ್ತಿಗೆ ಇಷ್ಟು ಚೆನ್ನಾಗಿರುವ ಎಂಜಿಬಿಗೆ ಮಾರುಕಟ್ಟೆಯಲ್ಲಿ 130ರ ಆಸುಪಾಸು ಬೆಲೆ ಇತ್ತು. ಪ್ರತಿ ವರ್ಷ ನವೀಕರಣದ ಕಾಗದ ಬಂದಾಗ ಮಾಲೀಕರು ಹಳೇ ಅಂಕಿಗೇ ಸಹಿ ಹಾಕಿದ್ದರು. ಕಾರಿಗೆ ಅವರು ಸುರಿದದ್ದು 150ರಷ್ಟು. ಆ ಲೆಕ್ಕವನ್ನು ಅವರು ಕೊನೆಯವರೆಗೂ ಹೇಳುತ್ತಲೇ ಇದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಖರ್ಚು ಮಾಡಿದ್ದು ಬೇರೆ, ಬೆಲೆ ಬೇರೆ. ಬಿಲ್ಲುಗಳಿಂದ ಗೊತ್ತಾಗುವುದು ಕೆಲಸ ಆಗಿದೆ ಅನ್ನುವುದಷ್ಟೆ.

ಎರಡು ಬಾಗಿಲು

ತಪ್ಪು ಎದುರಿನವರದ್ದಾದಾಗ ದುಡ್ಡು ಕೇಳಲು ಎರಡು ಕಡೆ ಹೋಗಬಹುದು. ಒಂದು, ನಮ್ಮದೇ ಇನ್ಶೂರೆನ್ಸ್. ಅವರು ನಮಗೆ ಕೊಟ್ಟು, ಆಮೇಲೆ ನಮ್ಮ ಹಕ್ಕಿನ ಮೇಲೆ ಎದುರಿನವರಿಂದ ವಸೂಲಿ ಮಾಡಿಕೊಳ್ಳುತ್ತಾರೆ. ಎರಡು, ನೇರವಾಗಿ ಎದುರಿನವರ ಇನ್ಶೂರೆನ್ಸ್.

ಮಾಲೀಕರು ಎರಡನೆಯದನ್ನು ಆರಿಸಿದರು. ಸುಮ್ನೆ ಅಲ್ಲ, ಅದಕ್ಕೆ ಕಾರಣ ಇತ್ತು. ತಮ್ಮ ಪಾಲಿಸಿಯಲ್ಲಿ ಕ್ಲೇಮು ಮಾಡಿದರೆ ಮೊದಲ 3ನ್ನು ಕೈಯಿಂದ ಕಟ್ಟಬೇಕು. ಎದುರಿನವರ ಹತ್ತಿರ ಹೋದರೆ ಅದಿಲ್ಲ. ತಮ್ಮ ದಾಖಲೆಯಲ್ಲಿ ಕ್ಲೇಮಿನ ಕಲೆಯೂ ಉಳಿಯುವುದಿಲ್ಲ. ಗುದ್ದಿದವರು ಒಪ್ಪಿಕೊಂಡಿದ್ದಾರೆ, ಇನ್ನೇನು ಅಡ್ಡಿ ಅಂತ.

ಮೂರು ವಾರದಲ್ಲಿ ಆ ಕಂಪನಿಯ ಉತ್ತರ ಬಂತು. ಕಾರಿನ ಬೆಲೆ 70. ರಿಪೇರಿ ಎಸ್ಟಿಮೇಟ್ 62. ಆದ್ದರಿಂದ ಕಾರು ಟೋಟಲ್ ಲಾಸ್, ಅಂದರೆ ರಿಪೇರಿ ಮಾಡಿಸದೆ ಕಾರು ಪೂರ್ತಿ ಹೋಯಿತು ಅಂತಲೇ ಲೆಕ್ಕ. 70 ತೆಗೆದುಕೊಂಡು ಕಾರನ್ನು ಬಿಟ್ಟುಕೊಡಿ.

ಮಾಲೀಕರಿಗೆ ಆಘಾತ. 62 ಅನ್ನೋದು 70ಕ್ಕಿಂತ ಕಡಿಮೆ ತಾನೇ, ರಿಪೇರಿ ಯಾಕೆ ಮಾಡಿಸಬಾರದು? ಇದು ಬಹಳ ಜನ ಕೇಳುವ ಪ್ರಶ್ನೆ. ವಿಮಾ ಕಂಪನಿಯ ಲೆಕ್ಕದಲ್ಲಿ ಮೂರನೆಯ ಅಂಕಿಯೊಂದು ಇರುತ್ತದೆ. ಅದು ಜಖಂ ಆದ ಕಾರನ್ನು ಹಾಗೇ ಮಾರಿದರೆ ಬರುವ ದುಡ್ಡು, ಸಾಲ್ವೇಜ್. ಈ ಕಾರಿಗೆ ಅದು 20 ಇತ್ತು. 70 ಕೊಟ್ಟು 20ಕ್ಕೆ ಮಾರಿದರೆ ಕಂಪನಿಗೆ ಬೀಳುವುದು 50. ರಿಪೇರಿ ಮಾಡಿಸಿದರೆ 62. ಯಾರೇ ಆದರೂ 50ನ್ನೇ ಆರಿಸುತ್ತಾರೆ. ಕೆಲವು ಕಡೆ ಇದಕ್ಕೆ ಕಾನೂನೇ ಶೇಕಡಾವಾರು ಮಿತಿ ಹಾಕಿದೆ, ಉಳಿದ ಕಡೆ ಈ ಕಳೆಯುವ ಲೆಕ್ಕವೇ ನಡೆಯುತ್ತದೆ.

ಇದರಲ್ಲಿ ಹಳೆ ಕಾರಿಗೆ ಒಂದು ವಿಚಿತ್ರ ಅನ್ಯಾಯವಿದೆ. ಹತ್ತು ವರ್ಷದ ಮಾಮೂಲಿ ಕಾರು ಜಖಂ ಆದರೆ ಅದಕ್ಕೆ ಗುಜರಿ ಬೆಲೆ. ಆದರೆ ಜಖಂ ಆದ ಎಂಜಿಬಿಗೆ ಗಿರಾಕಿಗಳು ಸಾಲು ನಿಲ್ಲುತ್ತಾರೆ. ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್, ವೈರ್ ವೀಲ್, ಡ್ಯಾಶ್‌ಬೋರ್ಡಿನ ಮೀಟರುಗಳು, ಎಲ್ಲಕ್ಕಿಂತ ಹೆಚ್ಚಾಗಿ ಕಾರಿನ ಕಾಗದಪತ್ರ. ಸಾಲ್ವೇಜ್ ಬೆಲೆ ಏರಿದಷ್ಟೂ ಕಂಪನಿಗೆ ಟೋಟಲ್ ಲಾಸ್ ಲಾಭದ್ದು. ಕಾರು ಎಷ್ಟು ಬೇಡಿಕೆಯದ್ದೋ ಅದನ್ನು ಉಳಿಸಿಕೊಳ್ಳುವುದು ಅಷ್ಟು ಕಷ್ಟ.

70 ಎಲ್ಲಿಂದ ಬಂತು

ಮಾಲೀಕರು ವರದಿಯ ಪ್ರತಿ ಕೇಳಿ ತರಿಸಿಕೊಂಡರು. ಇದು ಅವರು ಮಾಡಿದ ಒಳ್ಳೆಯ ಕೆಲಸ. ವರದಿಯಲ್ಲಿ ಹೋಲಿಕೆಗೆ ಐದು ಎಂಜಿಬಿಗಳಿದ್ದವು. ಐದರಲ್ಲಿ ಮೂರು 1974ರ ನಂತರದವು.

ಎಂಜಿಬಿ ತಯಾರಾದದ್ದು 1962ರಿಂದ 1980ರವರೆಗೆ. 1974ರಲ್ಲಿ ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಕ್ರೋಮ್ ಬಂಪರ್ ತೆಗೆದು ದಪ್ಪ ಕಪ್ಪು ರಬ್ಬರ್ ಬಂಪರ್ ಹಾಕಿದರು, ಕಾರಿನ ಎತ್ತರವನ್ನೂ ಏರಿಸಿದರು. ತಿರುವಿನಲ್ಲಿ ಅದು ಹಿಂದಿನಷ್ಟು ಚೆನ್ನಾಗಿ ನಿಲ್ಲುತ್ತಿರಲಿಲ್ಲ. ಅದಕ್ಕೇ ರಬ್ಬರ್ ಬಂಪರಿನ ಕಾರುಗಳು ಸಾಮಾನ್ಯವಾಗಿ ಅಗ್ಗ. ಹೆಸರು ಒಂದೇ ಆದರೂ ಮಾರುಕಟ್ಟೆಯಲ್ಲಿ ಅವು ಬೇರೆ ಬೇರೆ ಕಾರುಗಳು. ಉಳಿದ ಎರಡು ಹೋಲಿಕೆಗಳು ಕ್ರೋಮ್ ಬಂಪರಿನವೇ, ಆದರೆ ತುಕ್ಕು ಹಿಡಿದು ಕೆಲಸ ಬಾಕಿಯಿದ್ದವು. ವರದಿ ಬರೆದವರಿಗೆ ಕೆಟ್ಟ ಉದ್ದೇಶವಿತ್ತು ಅಂತ ನನಗೆ ಅನ್ನಿಸುವುದಿಲ್ಲ. ದಿನವೂ ಐದು ವರ್ಷದ ಕಾರುಗಳನ್ನು ನೋಡುವವರು, ಹೆಸರು ಹಾಕಿ ಹುಡುಕಿದರು, ಸಿಕ್ಕಿದ್ದನ್ನು ಬರೆದರು.

ಇದಕ್ಕೆ ಉತ್ತರವಾಗಿ ಮಾಲೀಕರು ಕಳಿಸಿದ್ದು ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಕ್ರೋಮ್ ಬಂಪರ್ ಕಾರುಗಳ ಬೆಲೆ (ಜಾಹೀರಾತಿನಲ್ಲಿ ಕೇಳುವ ಬೆಲೆಗೆ ಅಷ್ಟು ತೂಕವಿಲ್ಲ), ಪುನಶ್ಚೇತನದ ಫೋಟೋಗಳು ಮತ್ತು ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟರ್ ಮ್ಯೂಸಿಯಂ ಕೊಡುವ ಹೆರಿಟೇಜ್ ಸರ್ಟಿಫಿಕೇಟ್. ಆ ಕಾಗದ ಕಾರ್ಖಾನೆಯ ಹಳೆಯ ದಾಖಲೆ ನೋಡಿ ಬರೆದದ್ದು. ಕಾರು ಯಾವಾಗ ತಯಾರಾಯಿತು, ಯಾವ ಬಣ್ಣ, ಯಾವ ಎಂಜಿನ್ ನಂಬರ್ ಅಂತ ಹೇಳುತ್ತದೆ. ಈ ಕಾರಿನಲ್ಲಿ ನಂಬರ್ ತಾಳೆಯಾಯಿತು, ಅಂದರೆ ಹುಟ್ಟಿನಿಂದ ಬಂದ ಎಂಜಿನ್ನೇ ಇದೆ.

70 ಏರಿ 85 ಆಯಿತು. ಜೊತೆಗೆ ತಮ್ಮ ಪಾಲಿಸಿಯಲ್ಲಿ 100 ಅಂತ ಬರೆದಿದೆ ಅಂತಲೂ ಮಾಲೀಕರು ವಾದಿಸಿದರು. ಆ ವಾದ ನಿಲ್ಲಲಿಲ್ಲ. ಆ 100 ಅವರ ಮತ್ತು ಅವರ ವಿಮಾ ಕಂಪನಿಯ ನಡುವಿನ ಮಾತು. ಮೂರನೆಯವರು ಅದಕ್ಕೆ ಸಹಿ ಹಾಕಿಲ್ಲ. ಗುದ್ದಿದವರು ತುಂಬಿಕೊಡಬೇಕಾದದ್ದು ನಷ್ಟವನ್ನು, ನಷ್ಟ ಅಂದರೆ ಮಾರುಕಟ್ಟೆ ಬೆಲೆ. ಬೇಕಾದರೆ ಅದು 100ಕ್ಕಿಂತ ಮೇಲೂ ಹೋಗಬಹುದು, ಆದರೆ ಅದನ್ನು ಹೊಸದಾಗಿ ಸಾಬೀತು ಮಾಡಬೇಕು.

ಮಾರುಕಟ್ಟೆ ಬೆಲೆ ಮೀರಿದರೂ ರಿಪೇರಿ ಖರ್ಚು ಪೂರ್ತಿ ಕೊಡಿ ಅಂತ ಕೇಳಬಹುದೇ? ಇಂಗ್ಲಿಷ್ ಕೋರ್ಟುಗಳಲ್ಲಿ ಇದರ ಬಗ್ಗೆ ಎರಡು ತೀರ್ಪುಗಳಿವೆ. 1962ರ ಓ’ಗ್ರೇಡಿ ಪ್ರಕರಣದಲ್ಲಿ ಕಾರು 1938ರ ಒಂದು ಎಂಜಿ. ಅದಕ್ಕೆ ‘ಹಾರ್ಟೆನ್ಸಿಯಾ’ ಅಂತ ಹೆಸರೂ ಇತ್ತು. ಅಂಥ ಇನ್ನೊಂದು ಸಿಗುವುದಿಲ್ಲ ಅಂತ ಒಪ್ಪಿದ ಕೋರ್ಟು, ಬೆಲೆಗಿಂತ ಜಾಸ್ತಿ ಬಂದ ರಿಪೇರಿ ಖರ್ಚನ್ನೂ ಕೊಡಿಸಿತು. ಮರುವರ್ಷದ ಡಾರ್ಬಿಷೈರ್ ಪ್ರಕರಣದಲ್ಲಿ ಉಲ್ಟಾ. ಅಲ್ಲಿ ರಿಪೇರಿ ಖರ್ಚು ಕಾರಿನ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು. ಆ ಥರದ್ದೇ ಇನ್ನೊಂದು ಕೊಳ್ಳಬಹುದಿತ್ತಲ್ಲ ಅಂತ ಹೇಳಿ ಮಾರುಕಟ್ಟೆ ಬೆಲೆಯಷ್ಟೇ ಕೊಡಿಸಿದರು. ನಮ್ಮ ಮಾಲೀಕರು ಹಾರ್ಟೆನ್ಸಿಯಾ ದಾರಿ ಹಿಡಿಯಲು ಆಸೆಪಟ್ಟರು. ಆದರೆ ಎಂಜಿಬಿ ತಯಾರಾದದ್ದು 5 ಲಕ್ಷಕ್ಕೂ ಹೆಚ್ಚು. ‘ಇಂಥದ್ದು ಇನ್ನೊಂದಿಲ್ಲ’ ಅನ್ನುವ ಮಾತು ಈ ಕಾರಿಗೆ ಒಪ್ಪುವುದಿಲ್ಲ.

85ರಲ್ಲಿ ಲೆಕ್ಕ ಹೇಗೆ ನಿಂತಿತು ನೋಡಿ. 85ರಿಂದ 20 ಕಳೆದರೆ 65. ಎಸ್ಟಿಮೇಟ್ 62. ರಿಪೇರಿಗೆ ಅವಕಾಶ ಸಿಕ್ಕಿತು, ಆದರೆ ಬರೀ 3ರ ಅಂತರದಲ್ಲಿ. ಹಳೆ ಕಾರನ್ನು ಬಿಚ್ಚಿದ ಮೇಲೆ ಎಸ್ಟಿಮೇಟ್ ಏರದೇ ಇರುವುದುಂಟೇ? ಅದೂ ಅಲ್ಲದೆ ಕಾರು ಯಾರ್ಡಿನಲ್ಲಿ ನಿಂತಿತ್ತು, ದಿನಬಾಡಿಗೆ ಬೆಳೆಯುತ್ತಿತ್ತು. ಇಲ್ಲಿ ಮಾಲೀಕರು ದಾರಿ ಬದಲಿಸಿ ತಮ್ಮದೇ ಕಂಪನಿಗೆ ಬಂದರು. ಅಪಘಾತದ ಸುದ್ದಿಯನ್ನು ಅವರು ಮೊದಲ ದಿನವೇ ತಿಳಿಸಿಟ್ಟಿದ್ದರಿಂದ ಇದು ಸಾಧ್ಯವಾಯಿತು. ‘ಈಗಲೇ ಕ್ಲೇಮು ಬೇಡ, ಮಾಹಿತಿಗಾಗಿ ಮಾತ್ರ’ ಅಂತ ಒಂದು ಸಾಲು ಬರೆದಿದ್ದರು. ತಿಳಿಸದೇ ಇದ್ದಿದ್ದರೆ ತಡವಾಯಿತು ಅಂತ ತಕರಾರು ಬರುತ್ತಿತ್ತು.

ಬಿಚ್ಚಿದ ಮೇಲೆ

ಮಾಲೀಕರ ಸ್ವಂತ ವಿಮಾ ಕಂಪನಿಯವರು ಮೊದಲು ಕೇಳಿದ್ದು, ಆ ದಿನ ಕಾರು ಎಲ್ಲಿಗೆ ಹೊರಟಿತ್ತು ಅಂತ. ಕ್ಲಾಸಿಕ್ ಪಾಲಿಸಿಯ ಪ್ರೀಮಿಯಂ ಕಡಿಮೆ ಇರುವುದೇ ಕಾರು ಕಡಿಮೆ ಓಡುತ್ತದೆ ಅನ್ನುವ ಲೆಕ್ಕದಲ್ಲಿ. ದಿನಾ ಆಫೀಸಿಗೆ ಓಡಿಸುವಂತಿಲ್ಲ, ವರ್ಷಕ್ಕೆ ಇಷ್ಟೇ ದೂರ, ರಾತ್ರಿ ಬೀಗ ಹಾಕಿದ ಗ್ಯಾರೇಜಿನಲ್ಲೇ ಇರಬೇಕು ಅಂತೆಲ್ಲ ಷರತ್ತು. ಇವರು ರಜಾದಿನ ಸುಮ್ನೆ ಸುತ್ತಾಡಲು ಹೊರಟಿದ್ದರು, ಮೀಟರಿನ ಓದೂ ಸರಿಯಿತ್ತು. ಆ ವಿಷಯ ಅಲ್ಲಿಗೇ ಮುಗಿಯಿತು.

ಇಲ್ಲಿ ಲೆಕ್ಕ ಬೇರೆ. 100ರಿಂದ 20 ಕಳೆದರೆ 80. ಎಸ್ಟಿಮೇಟ್ 62. ಧಾರಾಳವಾಗಿ ರಿಪೇರಿ. ನಷ್ಟವನ್ನು ಅಳೆಯಲು ಕಂಪನಿ ಕಳಿಸಿದ ಸರ್ವೇಯರ್ ಒಪ್ಪಿದರು, ಎಂಜಿಬಿಯನ್ನೇ ಮಾಡುವ ಗ್ಯಾರೇಜಿಗೆ ಕಾರು ಹೋಯಿತು. ಹೊಸ ಕಾರುಗಳಿಗೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಅಂತ ಸಾಫ್ಟ್‌ವೇರ್ ಹೇಳಿಬಿಡುತ್ತದೆ. ಈ ಕಾರಿಗೆ ಗ್ಯಾರೇಜಿನವರು ಕೈಯಲ್ಲಿ ಬರೆದ ಗಂಟೆಗಳೇ ಆಧಾರ. ಸರ್ವೇಯರ್ ಪ್ರತಿ ಸಾಲಿಗೂ ಯಾಕೆ ಅಂತ ಕೇಳಿದರು, ಕೇಳಲೇಬೇಕು.

ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ತೆಗೆದಾಗ ಸಾಮಾನಿಡುವ ಡಿಕ್ಕಿಯ ತಳವೂ ಸ್ಪ್ರಿಂಗ್ ಕೂರುವ ಜಾಗವೂ ಸೊಟ್ಟಗಾಗಿದ್ದು ಕಾಣಿಸಿತು. ಅದಕ್ಕೆ 12. ಒಟ್ಟು 74. ಇದು ಅಪಘಾತದ್ದೇ ಪೆಟ್ಟು ಅಂತ ಯಾರಿಗೂ ಅನುಮಾನವಿರಲಿಲ್ಲ.

ತೊಂದರೆ ಬಂದದ್ದು ಎಡ ಸಿಲ್‌ನಲ್ಲಿ. ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಪೆಟ್ಟಿಗೆಯಂಥ ಉಕ್ಕಿನ ಭಾಗ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲೆ ಛಾವಣಿಯೂ ಇಲ್ಲದ್ದರಿಂದ ರೋಡ್‌ಸ್ಟರ್‌ನ ಬಲವೆಲ್ಲ ಸಿಲ್‌ಗಳಲ್ಲೇ. ಫುಟ್‌ಪಾತಿಗೆ ಹೊಡೆದಾಗ ಎಡ ಸಿಲ್ ಮಡಚಿಕೊಂಡಿತ್ತು. ಹೊರ ತಗಡು ತೆಗೆದು ನೋಡಿದರೆ ಒಳಗೆ ಇನ್ನೊಂದು ಹೊರ ತಗಡು! ಹಿಂದೆ ಯಾರೋ ತುಕ್ಕು ಹಿಡಿದ ಸಿಲ್ ಮೇಲೇ ಹೊಸ ತಗಡು ಬೆಸೆದು ಬಣ್ಣ ಬಳಿದಿದ್ದರು. ಒಳಗಿನ ಕ್ಯಾಸಲ್ ರೈಲ್ (ಸಿಲ್‌ನ ಕೆಳಗೆ ಉದ್ದಕ್ಕೂ ಬರುವ ಬಲದ ಪಟ್ಟಿ) ಅರ್ಧ ಪುಡಿಯಾಗಿತ್ತು. ಅದನ್ನು ಸರಿಮಾಡಲು 9. ಒಟ್ಟು 83.

ಸರ್ವೇಯರ್ ಹೇಳಿದ್ದು: ಹೊರ ಸಿಲ್ ಕೊಡುತ್ತೇವೆ, ತುಕ್ಕು ಅಪಘಾತದಿಂದ ಆದದ್ದಲ್ಲ. ಮಾಲೀಕರು ಹೇಳಿದ್ದು: ಗುದ್ದದೇ ಇದ್ದಿದ್ದರೆ ಅದು ಇನ್ನೂ ಹತ್ತು ವರ್ಷ ಬರುತ್ತಿತ್ತು. ಇಬ್ಬರ ಮಾತಲ್ಲೂ ಹುರುಳಿದೆ. ಆದರೆ ಪುನಶ್ಚೇತನದ ರಾಶಿ ಫೋಟೋಗಳಲ್ಲಿ ಬಲ ಸಿಲ್ ಬಿಚ್ಚಿದ್ದು ಇತ್ತು, ಎಡದ್ದು ಇರಲಿಲ್ಲ. ಹೊರಗೆ ಗಟ್ಟಿಯಾಗಿ ಕಂಡದ್ದರಿಂದ ಅದನ್ನು ಆಗ ಮುಟ್ಟಿರಲೇ ಇಲ್ಲ.

ಮಾಲೀಕರ ಸ್ನೇಹಿತರು ಜೋರಾಗಿ ಹೋರಾಡಿ ಅಂದರು. ಪಾಲಿಸಿಯಲ್ಲಿ ಅದಕ್ಕೆ ದಾರಿಯೂ ಇತ್ತು. ಎರಡೂ ಕಡೆಯವರು ಒಬ್ಬೊಬ್ಬ ಮೌಲ್ಯಮಾಪಕರನ್ನು ನೇಮಿಸಿ, ಅವರಿಬ್ಬರೂ ಸೇರಿ ಮಧ್ಯಸ್ಥರೊಬ್ಬರನ್ನು ಆರಿಸುವ ಷರತ್ತು. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಹೋರಾಡಿ ಗೆದ್ದಿದ್ದರೆ ಸೋತಂತೆಯೇ. ಯಾಕೆ ಅಂದರೆ 83 ಅನ್ನೋದು 80ಕ್ಕಿಂತ ಜಾಸ್ತಿ. 9ನ್ನೂ ಕಂಪನಿಯೇ ಕೊಡಬೇಕು ಅಂತ ತೀರ್ಮಾನವಾದ ಮರುಕ್ಷಣ ಕಾರು ಟೋಟಲ್ ಲಾಸ್. ಮಾಲೀಕರೇ 9ನ್ನು ಹೊತ್ತರೆ ಕಂಪನಿಯ ಪಾಲಿನ ರಿಪೇರಿ 74ಕ್ಕೆ ನಿಲ್ಲುತ್ತದೆ, ಕಾರು ಉಳಿಯುತ್ತದೆ. ಬೆಲೆಯನ್ನು 130ಕ್ಕೆ ಏರಿಸಿಟ್ಟಿದ್ದರೆ ಮಿತಿ 110 ಆಗುತ್ತಿತ್ತು, ಆಗ ನಿಶ್ಚಿಂತೆಯಿಂದ ವಾದ ಮಾಡಬಹುದಿತ್ತು.

ಟೋಟಲ್ ಲಾಸ್ ಒಪ್ಪಿಕೊಂಡು ಕಾರನ್ನು ಸಾಲ್ವೇಜ್ ಬೆಲೆಗೆ ತಾವೇ ವಾಪಸ್ ಕೊಳ್ಳುವ ಯೋಚನೆಯೂ ಬಂತು. ಕಾಗದದ ಮೇಲೆ ಅದೇ ಅಗ್ಗ. 100ರಲ್ಲಿ ಕೈಯಿಂದ ಕಟ್ಟುವ 3 ಕಳೆದು 97, ಕಾರಿಗೆ 20 ಕೊಟ್ಟರೆ ಕೈಯಲ್ಲಿ 77. ರಿಪೇರಿಗೆ 83. ಜೇಬಿನಿಂದ ಹೋಗುವುದು ಬರೀ 6. ರಿಪೇರಿಯ ದಾರಿಯಲ್ಲಾದರೆ 9 ಮತ್ತು 3 ಸೇರಿ 12. ಆದರೂ ಅವರು 12ನ್ನೇ ಆರಿಸಿದರು. ಒಮ್ಮೆ ಟೋಟಲ್ ಲಾಸ್ ಆದರೆ ಬಹಳ ಕಡೆ ಕಾರಿನ ದಾಖಲೆಯಲ್ಲಿ ಆ ಗುರುತು ಶಾಶ್ವತ. ಮತ್ತೆ ರಸ್ತೆಗಿಳಿಸಲು ತಪಾಸಣೆ ಬೇಕಾಗಬಹುದು, ಇನ್ನೊಮ್ಮೆ ಅಗ್ರೀಡ್ ವ್ಯಾಲ್ಯೂ ಪಾಲಿಸಿ ಸಿಗುವುದೂ ಕಷ್ಟ, ಮಾರುವಾಗ ಬೆಲೆ ಬೀಳುತ್ತದೆ. ಆ ಬೀಳುವಿಕೆ 6ಕ್ಕಿಂತ ಎಷ್ಟೋ ದೊಡ್ಡದು.

ಇನ್ನೊಂದು ಸಲಹೆ ಕಂಪನಿಯ ಕಡೆಯಿಂದ ಬಂತು. ಎಂಜಿಬಿಗೆ 1988ರಿಂದ ಹೊಚ್ಚಹೊಸ ಬಾಡಿ ಶೆಲ್ (ಎಂಜಿನ್, ಚಕ್ರ ಯಾವುದೂ ಇಲ್ಲದ ಬರೀ ಬಾಡಿ) ಸಿಗುತ್ತದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಅದನ್ನು ಮಾಡುತ್ತದೆ, ಅದೂ ಹಳೆಯ ಕಾರ್ಖಾನೆಯ ಅಚ್ಚುಗಳನ್ನೇ ಬಳಸಿ. ಸಾಮಾನೆಲ್ಲ ಅದಕ್ಕೆ ವರ್ಗಾಯಿಸಿದರೆ ತುಕ್ಕಿನ ಜಗಳವೇ ಇಲ್ಲ. ಒಳ್ಳೆಯ ಸಲಹೆಯೇ, ತೀರಾ ಕೊಳೆತ ಕಾರಿಗೆ. ಇಲ್ಲಿ ಮುಕ್ಕಾಲು ಭಾಗ ಗಟ್ಟಿಯಿದ್ದ ಮೂಲ ಬಾಡಿಯನ್ನು ಎಸೆದರೆ, ಎಂಜಿನ್ ನಂಬರ್ ತಾಳೆಯಾಗುತ್ತದೆ ಅನ್ನುವ ಹೆಮ್ಮೆಗೂ ಅರ್ಥ ಉಳಿಯುವುದಿಲ್ಲ. ಮಾಲೀಕರು ಬೇಡ ಅಂದರು.

ಬಣ್ಣದ ವಿಷಯದಲ್ಲಿ ಮಾಲೀಕರು ಇಡೀ ಕಾರಿಗೆ ಕೇಳಿದರು, ಕಂಪನಿ ಪೆಟ್ಟಾದ ಭಾಗಕ್ಕೆ ಮಾತ್ರ ಅಂತು. ಕೊನೆಗೆ ಎಡ ಪಕ್ಕ ಪೂರ್ತಿ, ಡಿಕ್ಕಿಯ ಬಾಗಿಲು ಮತ್ತು ಬಲ ಹಿಂದಿನ ಮಡ್‌ಗಾರ್ಡ್. ಹೊಸ ಬಣ್ಣ ಹಳೆಯದರ ಪಕ್ಕದಲ್ಲಿ ಎದ್ದು ಕಾಣದಂತೆ ಅಂಚಿನವರೆಗೆ ತೆಳುವಾಗಿ ಹರಡಬೇಕು, ಅದಕ್ಕೆ ಅಷ್ಟು ಜಾಗ ಬೇಕೇ ಬೇಕು. ನನಗೆ ಇದು ನ್ಯಾಯವಾಗಿಯೇ ಕಾಣುತ್ತದೆ.

ಕೊನೆಯ ಲೆಕ್ಕ

ಕಂಪನಿ 71 ಕೊಟ್ಟಿತು. ಅದನ್ನು ಎದುರಿನವರ ಕಂಪನಿಯಿಂದ ವಸೂಲಿ ಮಾಡುವುದು ಅವರ ಪಾಡು. ಅಲ್ಲಿ 85ರ ಹಳೆ ವಾದ ಮತ್ತೆ ಎದ್ದಿತು, ಆದರೆ ಮಾಲೀಕರು ಅದರಲ್ಲಿ ಇರಬೇಕಾಗಿರಲಿಲ್ಲ. ಕೈಯಿಂದ ಕಟ್ಟಿದ 3ನ್ನು ಅವರು ಪ್ರತ್ಯೇಕ ಪತ್ರ ಬರೆದು ಎದುರಿನವರ ಕಂಪನಿಯಿಂದ ಪಡೆದರು.

ಉಳಿದದ್ದು ಬೆಲೆ ಇಳಿಕೆ. ಎಷ್ಟೇ ಚೆನ್ನಾಗಿ ಮಾಡಿದರೂ ದೊಡ್ಡ ಪೆಟ್ಟು ತಿಂದ ಕಾರು ಅಂತ ಗೊತ್ತಾದರೆ ಗಿರಾಕಿ ಕಡಿಮೆ ಕೇಳುತ್ತಾನೆ. ಈ ನಷ್ಟವನ್ನು ನಮ್ಮ ಸ್ವಂತ ಪಾಲಿಸಿ ಸಾಮಾನ್ಯವಾಗಿ ತುಂಬುವುದಿಲ್ಲ. ಗುದ್ದಿದವರ ಹತ್ತಿರ ಕೇಳಬಹುದು, ಅಲ್ಲಿನ ಕಾನೂನು ಒಪ್ಪುವುದಾದರೆ. ಮಾಲೀಕರು ರಿಪೇರಿಯ ನಂತರ ಸ್ವತಂತ್ರ ಮೌಲ್ಯಮಾಪನ ಮಾಡಿಸಿ 10 ಕೇಳಿದರು. ಎದುರಿನವರ ಕಂಪನಿ ಅಪಘಾತಕ್ಕೆ ಮುಂಚಿನ ಮೌಲ್ಯಮಾಪನ ಕೊಡಿ ಅಂತು. ಇದ್ದದ್ದು ನಾಲ್ಕು ವರ್ಷ ಹಳೆಯದು, ಪುನಶ್ಚೇತನ ಮುಗಿಯುವ ಮುಂಚಿನದು. 4ಕ್ಕೆ ಇತ್ಯರ್ಥವಾಯಿತು.

ಮುಂದಿನ ನವೀಕರಣದಲ್ಲಿ ಅಗ್ರೀಡ್ ವ್ಯಾಲ್ಯೂ 125 ಆಯಿತು. ಪ್ರೀಮಿಯಂ ಏರಿತು. ಜೊತೆಗೆ ಕಂಪನಿ ಹೊಸದೊಂದು ಷರತ್ತು ಹಾಕಿತು: ಎರಡು ವರ್ಷಕ್ಕೊಮ್ಮೆ ಹೊಸ ಫೋಟೋ ಮತ್ತು ಮೌಲ್ಯಮಾಪನ ಕಳಿಸಬೇಕು, ಕಾರಿನ ಅಡಿಭಾಗದ ಫೋಟೋ ಸೇರಿ.